ಬಳೆಗಾರ ಮತ್ತು ಹಳೆಯ ಹೈಬ್ರಿಡ್ ಕಾರು

“ಎರಡು ಲಕ್ಷ ಎಂಬತ್ತು ಸಾವಿರ ಕಿಲೋಮೀಟರ್ ಓಡಿದ ಕಾರು ಅಗ್ಗಕ್ಕೆ ಸಿಕ್ಕರೆ ಕೊಳ್ಳಬಹುದೇ, ಗುರುಗಳೇ?”

ಕೇಳಿದವನು ಕಳಕಪ್ಪ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಚಿತ್ರಕಲೆ ಕಲಿಸಿ ನಿವೃತ್ತನಾದವನು. ಪ್ರತಿ ಸೋಮವಾರ ಬೆಳಿಗ್ಗೆ ಮಠಕ್ಕೆ ಬಂದು ಅಡವಯ್ಯ ಗುರುಗಳ ಎದುರು ಅರ್ಧ ತಾಸು ಕೂತು ಹೋಗುವುದು ಅವನ ರೂಢಿ. ಉಳಿದ ಶಿಷ್ಯರು ಆತ್ಮ, ಕರ್ಮ, ಮಾಯೆ ಎಂದು ಕೇಳುತ್ತಿದ್ದರು. ತಾನು ಕಾರಿನ ವಿಷಯ ಎತ್ತಿದೆನಲ್ಲ ಎಂದು ಕಳಕಪ್ಪನಿಗೆ ಒಳಗೊಳಗೇ ನಾಚಿಕೆಯಾಯಿತು.

ಗುರುಗಳು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ದಾಸೋಹಕ್ಕೆ ವರ್ಷಕ್ಕಾಗುವಷ್ಟು ಹುಣಸೆ ಅಂಗಳದಲ್ಲಿ ಗುಡ್ಡೆ ಬಿದ್ದಿತ್ತು. ಸುಮ್ಮನೆ ಕೂತವರನ್ನು ಕಂಡರೆ ಗುರುಗಳಿಗೆ ಆಗುತ್ತಿರಲಿಲ್ಲ. ಕಳಕಪ್ಪನೂ ಒಂದು ಹಿಡಿ ಎತ್ತಿಕೊಂಡು ಬಿಡಿಸತೊಡಗಿದ.

“ಕಾರಿಗೂ ಗುರು ಬೇಕಾಯಿತೇನಪ್ಪಾ?” ಎಂದರು ಗುರುಗಳು. ಅಂದರೂ ನಗಲಿಲ್ಲ. ಅರ್ಧಂಬರ್ಧ ಬೇಡ, ಪೂರ್ತಿ ಹೇಳು ಎಂದರು.

ಕಳಕಪ್ಪ ಪೂರ್ತಿ ಹೇಳಿದ. ಅದು ಹೈಬ್ರಿಡ್ ಕಾರು. ಪೆಟ್ರೋಲಿನಿಂದಲೂ ಓಡುತ್ತದೆ, ಬ್ಯಾಟರಿಯಿಂದಲೂ ಓಡುತ್ತದೆ. ಯಾವಾಗ ಯಾವುದು ಎಂಬುದನ್ನು ಅದೇ ನೋಡಿಕೊಳ್ಳುತ್ತದೆ. ಸವಾರಿ ಮೆತ್ತಗೆ. ಪೆಟ್ರೋಲು ಕುಡಿಯುವುದು ಗುಬ್ಬಿ ನೀರು ಕುಡಿದಷ್ಟು. ಹೊಸದರ ಕಾಲು ಬೆಲೆಗೆ ಕೊಡುತ್ತಾರೆ. ಎಂಜಿನ್ ಗಟ್ಟಿಯಾಗಿದೆ ಎಂದು ಮೆಕ್ಯಾನಿಕ್ ಎದೆ ತಟ್ಟಿ ಹೇಳಿದ್ದಾನೆ. ತೊಡಕಿರುವುದು ಒಳಗಿನ ದೊಡ್ಡ ಬ್ಯಾಟರಿಯಲ್ಲಿ. ಅದು ಇನ್ನೂ ಐದು ವರ್ಷ ಬಾಳಬಹುದು, ಐದೇ ತಿಂಗಳಿಗೆ ಕೈಕೊಡಲೂಬಹುದು. ಕೈಕೊಟ್ಟರೆ ಹೊಸ ಬ್ಯಾಟರಿಗೆ ಅರ್ಧ ಕಾರಿನ ಬೆಲೆ ಸುರಿಯಬೇಕು. ಒಬ್ಬ ಸ್ನೇಹಿತ ಕಣ್ಣುಮುಚ್ಚಿ ತಗೋ ಎನ್ನುತ್ತಾನೆ. ಇನ್ನೊಬ್ಬ ಆ ಕಡೆ ತಲೆ ಹಾಕಿಯೂ ಮಲಗಬೇಡ ಎನ್ನುತ್ತಾನೆ.

ಇಷ್ಟು ಹೇಳಿ ಅವನು ಜೇಬಿನಿಂದ ಒಂದು ಹಾಳೆ ತೆಗೆದು ಹರವಿದ. ಹಾಳೆಯಲ್ಲಿ ಆ ಕಾರಿನ ಚಿತ್ರ ಬರೆದಿದ್ದ. ಒಳ್ಳೆಯ ಭಾಗಗಳಿಗೆ ಹಸಿರು ಬಣ್ಣ, ಕೆಟ್ಟವಕ್ಕೆ ಕೆಂಪು, ಗೊತ್ತಿಲ್ಲದವಕ್ಕೆ ಹಳದಿ. ಹಳದಿಯೇ ಹೆಚ್ಚಾಗಿತ್ತು.

ಗುರುಗಳು ಹಾಳೆಯನ್ನು ಒಮ್ಮೆ ನೋಡಿದರು. ಮಗಳಿಗೆ ಗಂಡು ನೋಡುವವರೂ ಇಷ್ಟು ನೋಡುವುದಿಲ್ಲ ಎಂದರು. ಇದೆಲ್ಲ ಎಷ್ಟು ದಿನದಿಂದ ನಡೆದಿದೆ ಎಂದು ಕೇಳಿದರು.

ಎಂಟು ತಿಂಗಳಿಂದ ಎಂದ ಕಳಕಪ್ಪ. ಇದು ಮೂರನೆಯ ಕಾರು. ಮೊದಲಿನ ಎರಡನ್ನು ಅವನು ಮೀನಮೇಷ ಎಣಿಸುತ್ತಿರುವಾಗಲೇ ಬೇರೆಯವರು ಕೊಂಡುಹೋಗಿದ್ದರು. ಹೋದದ್ದೇ ಒಳ್ಳೆಯದಾಯಿತು, ಅವುಗಳ ಮೀಟರು ಇನ್ನೂ ಹೆಚ್ಚು ಓಡಿತ್ತು ಎಂದೂ ಸೇರಿಸಿದ.

ಕಾರು ಬೇಕಾಗಿದ್ದದ್ದು ಅವನಿಗಲ್ಲ, ಹೆಂಡತಿ ಹಂಪವ್ವನಿಗೆ. ಹಂಪವ್ವನ ಮೊಣಕಾಲು ಎರಡೂ ಸವೆದಿದ್ದವು. ಮನೆಯೊಳಗೆ ಓಡಾಡುತ್ತಾಳೆ, ಬಸ್ಸಿನ ಮೆಟ್ಟಿಲು ಹತ್ತಲಾರಳು. ಅವಳ ತಂಗಿ ಇರುವುದು ಇಳಕಲ್ಲಿನಲ್ಲಿ. ಮೊದಲೆಲ್ಲ ತಿಂಗಳಿಗೊಮ್ಮೆ ಹೋಗಿ, ತಂಗಿಯ ಮಗ್ಗದ ಪಕ್ಕದಲ್ಲಿ ಎರಡು ದಿನ ಕೂತು, ಹೊಟ್ಟೆ ಹುಣ್ಣಾಗುವಷ್ಟು ನಕ್ಕು ಬರುತ್ತಿದ್ದಳು. ಬಂದ ಮೇಲೂ ಒಂದು ವಾರ ಆ ನಗೆ ಮನೆಯಲ್ಲಿ ಇರುತ್ತಿತ್ತು. ಈಗ ಎರಡು ವರ್ಷದಲ್ಲಿ ಒಂದೇ ಒಂದು ಸಲ, ಬಾಡಿಗೆ ಕಾರಿನಲ್ಲಿ ಹೋಗಿದ್ದಳು. ಹೊರಗೆ ಡ್ರೈವರ್ ಗಡಿಯಾರ ನೋಡುತ್ತ ನಿಂತಿದ್ದರೆ ಒಳಗೆ ಮಾತೇ ಹೊರಡುವುದಿಲ್ಲ ಎಂದು ಮತ್ತೆ ಒಪ್ಪಲಿಲ್ಲ. ಮಗ್ಗ ಬಿಟ್ಟು ಬರಲು ತಂಗಿಗೂ ಆಗದು. ಯುಗಾದಿಗೊಮ್ಮೆ ಬಂದು ಅರ್ಧ ದಿನ ಇದ್ದು ಹೋಗುತ್ತಾಳೆ.

“ಹಂಪವ್ವ ಏನಂತಾಳೆ?” ಎಂದು ಗುರುಗಳು ಕೇಳಿದರು.

“ಅವಳು ಏನೂ ಅನ್ನುವುದಿಲ್ಲ. ನೀವು ನೋಡಿ ಹೇಳಿ ಅಂತಾಳೆ, ಅಷ್ಟೇ.”

ತಾನು ಜಿಪುಣನಲ್ಲ ಎಂದ ಕಳಕಪ್ಪ. ಮೋಸಹೋಗಬಾರದು ಎಂಬುದಷ್ಟೇ ತನ್ನ ಚಿಂತೆ. ಆ ಬ್ಯಾಟರಿ ಐದು ವರ್ಷವೋ ಐದು ತಿಂಗಳೋ, ಅದೊಂದು ಖಾತ್ರಿಯಾದರೆ ನಾಳೆಯೇ ಕಾರು ತಂದು ಬಾಗಿಲಲ್ಲಿ ನಿಲ್ಲಿಸುತ್ತೇನೆ ಎಂದ.

ಗುರುಗಳು ಬಿಡಿಸಿದ ಹಣ್ಣನ್ನು ಬುಟ್ಟಿಗೆ ಹಾಕಿ, ಇನ್ನೊಂದು ಹಿಡಿ ಎಳೆದುಕೊಂಡು, ಕತೆ ಹೇಳತೊಡಗಿದರು.

ಒಬ್ಬ ಬಳೆಗಾರನಿದ್ದ. ವಯಸ್ಸು ಅರವತ್ತು ದಾಟಿತ್ತು. ಎರಡು ತಗಡಿನ ಪೆಟ್ಟಿಗೆಯಲ್ಲಿ ಗಾಜಿನ ಬಳೆ ತುಂಬಿಕೊಂಡು ಬಸ್ಸಿನಲ್ಲಿ ಊರೂರು ತಿರುಗುವುದು ಅವನ ಕಸುಬು. ಬಸ್ಸು ಒಂದು ಗುಂಡಿ ಹಾರಿದರೆ ಪೆಟ್ಟಿಗೆಯೊಳಗೆ ಹತ್ತು ಬಳೆ ಹೋಗುತ್ತಿದ್ದವು. ಅವನು ಬೈಯುತ್ತಿರಲಿಲ್ಲ. ಗಾಜು ನಂಬಿದವನು ಗುಂಡಿಗೆ ಬೈಯಬಾರದು ಎನ್ನುತ್ತಿದ್ದ.

ಬಳೆಗಾರನ ವಿದ್ಯೆಯೆಲ್ಲ ಅವನ ಕಿವಿಯಲ್ಲಿತ್ತು. ಬಳೆಯನ್ನು ಬಳೆಗೆ ತಾಗಿಸಿದರೆ ಸಾಕು, ಒಳ್ಳೆಯದು ಟಿಣ್ ಎನ್ನುತ್ತದೆ, ಕಣ್ಣಿಗೆ ಕಾಣದ ಬಿರುಕಿದ್ದರೆ ಟಕ್ ಎನ್ನುತ್ತದೆ. ಬಿರುಕಿನ ಬಳೆಯನ್ನು ಅವನು ಯಾವ ಹೆಣ್ಣಿನ ಕೈಗೂ ಹಾಕಿದವನಲ್ಲ. ಅವನ ಕಸುಬಿಗೆ ಒಂದು ಕಟ್ಟಳೆಯೂ ಇತ್ತು. ಅದು ಬಳೆಗಾರರಿಗೆಲ್ಲ ಇರುವ ಕಟ್ಟಳೆಯೇ. ತೊಡಿಸುವಾಗ ಕೈಗೆಣ್ಣು ದಾಟುವ ಮೊದಲು ಬಳೆ ಒಡೆದರೆ ಅದು ಬಳೆಗಾರನ ನಷ್ಟ. ಗೆಣ್ಣು ದಾಟಿ ಮಣಿಕಟ್ಟಿಗೆ ಇಳಿದ ಮೇಲೆ ಒಡೆದರೆ ತೊಟ್ಟವಳದು. ಈ ಮಾತನ್ನು ಯಾರೂ ಬರೆದಿಟ್ಟಿರಲಿಲ್ಲ, ಯಾರೂ ಮುರಿದೂ ಇರಲಿಲ್ಲ.

ಗುಡ್ಡದ ಆಚೆ ಒಂದು ಹಳ್ಳಿಯಿತ್ತು. ಅಲ್ಲಿ ಒಂದು ಮನೆ. ಆ ಮನೆಯ ಅಜ್ಜಿ ಮದುವಣಗಿತ್ತಿಯಾಗಿ ಬಂದಾಗ ಬಳೆ ತೊಡಿಸಿದವನು ಇವನೇ. ಆಗ ಇವನಿಗಿನ್ನೂ ಮೀಸೆ ಚಿಗುರುತ್ತಿತ್ತು. ಆಮೇಲೆ ಅವಳ ಮಗಳಿಗೆ ತೊಡಿಸಿದ. ಮೊಮ್ಮಗಳಿಗೆ ತೊಟ್ಟಿಲಲ್ಲೇ ಕರಿಬಳೆ ಹಾಕಿದ. ಇತ್ತೀಚೆಗೆ ಗುಡ್ಡ ದಾಟುವ ಬಸ್ಸು ನಿಂತುಹೋಯಿತು. ಪೆಟ್ಟಿಗೆ ಹೊತ್ತು ಗುಡ್ಡ ಹತ್ತುವ ಶಕ್ತಿ ಅವನಿಗೆ ಉಳಿದಿರಲಿಲ್ಲ. ಮೂರು ವರ್ಷದಿಂದ ಆ ಕಡೆ ಹೋಗಿರಲಿಲ್ಲ. ಕೇಳಿದವರಿಗೆ ಅಲ್ಲಿ ವ್ಯಾಪಾರ ಕಡಿಮೆ ಎನ್ನುತ್ತಿದ್ದ. ಸಂಕಟ ಇದ್ದದ್ದು ವ್ಯಾಪಾರಕ್ಕಲ್ಲ.

ಅಷ್ಟರಲ್ಲಿ ಆ ಮನೆಯಿಂದ ಹೇಳಿಕೆ ಬಂತು. ಮೊಮ್ಮಗಳು ಚೊಚ್ಚಲ ಬಸುರಿ. ಅಮಾವಾಸ್ಯೆ ಕಳೆದ ಐದನೆಯ ದಿನ ಕುಬುಸ, ಅಂದರೆ ಸೀಮಂತ. ಅಂದು ಅವಳಿಗೆ ಹಸಿರು ಬಳೆ ತೊಡಿಸಬೇಕು. ಬೇರೆ ಬಳೆಗಾರನನ್ನು ಕರೆಯೋಣ ಎಂದು ಮನೆಯವರು ಅಂದರೆ, ಅಜ್ಜಿ ಒಪ್ಪಲಿಲ್ಲವಂತೆ. ಅವನೇ ಬರಬೇಕು, ಬಾರದಿದ್ದರೆ ಮೊಮ್ಮಗಳು ಮನೆಯಲ್ಲಿರುವ ಹಳೆಯ ಬಳೆಯನ್ನೇ ತೊಡಲಿ ಅಂದಳಂತೆ. ಹೇಳಿಕೆ ತಂದವನು ಹೋದ ಮೇಲೆ ಬಳೆಗಾರ ಬಹಳ ಹೊತ್ತು ತನ್ನ ಕಾಲು ನೋಡುತ್ತ ಕೂತ. ಹೇಗಾದರೂ ಮಾಡಿ ಅಲ್ಲಿಗೆ ಹೋಗಲೇಬೇಕು ಎಂದು ಅವನ ಮನಸ್ಸು ಹಟ ಹಿಡಿಯಿತು.

ಬಳೆಗಾರನ ಪಕ್ಕದ ಊರಿನಲ್ಲಿ ಒಬ್ಬ ಬಾಡಿಗೆ ಗಾಡಿಯವನಿದ್ದ. ಅವನ ಬಳಿ ಹಳೆಯ ಹೈಬ್ರಿಡ್ ಕಾರೊಂದಿತ್ತು. ಲಕ್ಷ ಲಕ್ಷ ಕಿಲೋಮೀಟರ್ ಓಡಿತ್ತು. ಮದುವೆ ದಿಬ್ಬಣದವರನ್ನು ಕೂರಿಸಲು ದೊಡ್ಡ ಗಾಡಿ ಬೇಕಾಗಿ ಇದನ್ನು ಅಗ್ಗಕ್ಕೆ ಮಾರುತ್ತಿದ್ದ. ಬಳೆಗಾರನಿಗೆ ಗಾಡಿ ಓಡಿಸಲು ಬರುತ್ತಿತ್ತು. ಹರೆಯದಲ್ಲಿ ಎರಡು ವರ್ಷ ಹಾಲಿನ ವ್ಯಾನು ಓಡಿಸಿದ್ದ. ಒಂದು ದಿನಕ್ಕೆ ಬಾಡಿಗೆ ಕೊಟ್ಟು ಹೋಗಬಹುದಿತ್ತು, ಆದರೆ ಮೂರು ವರ್ಷ ತಪ್ಪಿದ ದಾರಿ ಇನ್ನು ತಪ್ಪಬಾರದು ಎಂದು ಅವನು ಕಾರು ನೋಡಲು ಹೋದ.

ಹೋದವನು ಮಾಡಿದ್ದೇನು? ತನ್ನ ಕಿವಿಯನ್ನು ನಂಬಿದ. ಕಾರಿನಲ್ಲಿ ಕೂತು ಗುಂಡಿ ಒತ್ತಿದ. ಸದ್ದಿಲ್ಲ. ಇನ್ನೊಮ್ಮೆ ಒತ್ತಿದ. ಆಗಲೂ ಸದ್ದಿಲ್ಲ. ಮುಖ ಸಣ್ಣದು ಮಾಡಿಕೊಂಡು ಇಳಿದು, ಇದು ಸತ್ತಿದೆಯಲ್ಲೋ ಮಾರಾಯ ಎಂದ. ಗಾಡಿಯವನು ನಕ್ಕು ನಕ್ಕು ಸುಸ್ತಾದ. ಅದು ಬ್ಯಾಟರಿಯ ಮೇಲೆ ಎಚ್ಚರವಾಗುವ ಕಾರು, ಹೊರಡುವಾಗ ಸದ್ದು ಮಾಡುವುದಿಲ್ಲ ಎಂದು ತಿಳಿಸಿ, ಎದುರಿಗೇ ಓಡಿಸಿ ತೋರಿಸಿದ. ಕಾರು ಬೆಕ್ಕಿನ ಹಾಗೆ ಹೋಗಿ ಬೆಕ್ಕಿನ ಹಾಗೆ ಬಂತು. ಬಳೆಗಾರನಿಗೆ ಇನ್ನೂ ಗಾಬರಿಯಾಯಿತು. ದನಿ ಇದ್ದರೆ ಬಿರುಕು ಹಿಡಿಯಬಹುದು. ಬಾಯಿಯೇ ಇಲ್ಲದ್ದನ್ನು ಪರೀಕ್ಷೆ ಮಾಡುವುದು ಹೇಗೆ? ಯೋಚಿಸಿ ಹೇಳುತ್ತೇನೆ ಎಂದು ಎದ್ದುಬಂದ.

ಊರಿಗೆ ಬಂದು ಎಲ್ಲರನ್ನೂ ಕೇಳಿದ. ಕ್ಷೌರದವನು ಆತುರಗಾರನಿಗೆ ಬುದ್ಧಿ ಮಟ್ಟ ಎಂದ. ಅಕ್ಕಸಾಲಿ ತಾಳಿದವನು ಬಾಳಿಯಾನು ಎಂದ. ಇಬ್ಬರೂ ಕಾರು ಕೊಂಡವರಲ್ಲ. ಗಾದೆ ಹೇಳುವುದಕ್ಕೆ ಏನು ಖರ್ಚು? ಬಳೆಗಾರ ಎರಡನ್ನೂ ಕಟ್ಟಿಕೊಂಡು ನಾಲ್ಕು ದಿನ ತಿರುಗಿದ.

ಎರಡನೆಯ ಸಲ ಹೋದಾಗ ಮೀಟರು ನೋಡಿದ. ನಾಲ್ಕು ದಿನದಲ್ಲಿ ಆರುನೂರು ಕಿಲೋಮೀಟರ್ ಹೆಚ್ಚಾಗಿತ್ತು. ನಾನು ನೋಡಿ ಹೋದ ಕಾರನ್ನು ಮತ್ತೆ ಓಡಿಸಿದ್ದೀಯಲ್ಲ ಎಂದು ಜಗಳಕ್ಕೇ ನಿಂತ. ನೀನು ಯೋಚಿಸಿ ಮುಗಿಸುವ ತನಕ ಕಾರು ಉಪವಾಸ ಕೂರಬೇಕೇ, ನಾನೂ ಕೂರಬೇಕೇ ಎಂದು ಗಾಡಿಯವನು ಕೇಳಿದ. ಅವನು ಒರಟ, ಆದರೆ ಸುಳ್ಳುಗಾರನಲ್ಲ. ಬ್ಯಾಟರಿ ಮೊದಲಿನದೇ, ಎಂದಾದರೊಂದು ದಿನ ಹೋಗುವುದೇ, ಯಾವಾಗ ಅಂತ ತನಗೆ ತಿಳಿಯದು ಎಂದು ಮುಚ್ಚುಮರೆಯಿಲ್ಲದೆ ಹೇಳಿದ. ಬಳೆಗಾರ ಒಂದು ವರ್ಷಕ್ಕೆ ಗ್ಯಾರಂಟಿ ಬರೆದುಕೊಡು ಎಂದ. ಗಾಡಿಯವನು ಬರೆಯಲಿಲ್ಲ. ಗೊತ್ತಿಲ್ಲದ್ದನ್ನು ಬರೆದುಕೊಟ್ಟರೆ ಕಾಗದ ಕೆಡುತ್ತದೆ, ಬ್ಯಾಟರಿ ಗಟ್ಟಿಯಾಗುವುದಿಲ್ಲ ಎಂದ. ಬಳೆಗಾರ ಮತ್ತೆ ಯೋಚಿಸಿ ಹೇಳುತ್ತೇನೆ ಎಂದು ಬಂದ.

ಅಮಾವಾಸ್ಯೆ ಬಂತು, ಹೋಯಿತು. ಒಂದು ದಿನ ಕಳೆಯಿತು, ಎರಡು ದಿನ ಕಳೆಯಿತು. ಬಳೆಗಾರನಿಗೆ ಊಟ ಸೇರಲಿಲ್ಲ. ಕಣ್ಣು ಮುಚ್ಚಿದರೆ ಒಂದು ಸಲ ಬಸುರಿಯ ಬರಿಗೈ ಕಾಣುತ್ತಿತ್ತು, ಇನ್ನೊಂದು ಸಲ ದಾರಿಯಲ್ಲಿ ಕೆಟ್ಟು ನಿಂತ ಕಾರು ಕಾಣುತ್ತಿತ್ತು. ಮೂರನೆಯ ದಿನ ಪೆಟ್ಟಿಗೆ ಎತ್ತಿಕೊಂಡು ಸಂತೆಗೆ ಹೊರಟವನು ದಾರಿ ತಪ್ಪಿಸಿಕೊಂಡು ಗಾಡಿಯವನ ಮನೆಯ ಮುಂದೆ ನಿಂತ.

ಬಾಗಿಲಲ್ಲಿ ಗಾಡಿಯವನ ಹೆಂಡತಿ ಇದ್ದಳು. ಎರಡು ಸಲವೂ ಅವಳು ಒಳಗಿನಿಂದ ಇವರ ಮಾತನ್ನೆಲ್ಲ ಕೇಳಿಸಿಕೊಂಡವಳು. ಪೆಟ್ಟಿಗೆ ಕಂಡು, ಬಂದದ್ದು ಬಂದೆ, ನನಗೊಂದು ಡಜನ್ ಬಳೆ ತೊಡಿಸು ಕಾಕಾ ಎಂದು ಚಾಪೆ ಹಾಕಿ ಕೂತಳು.

ಬಳೆಗಾರನಿಗೆ ಎಲ್ಲ ಚಿಂತೆಯೂ ಮರೆತುಹೋಯಿತು. ಕೈಗೆ ಅವರವರ ಕೆಲಸ ಸಿಕ್ಕರೆ ಹಾಗೆಯೇ ಆಗುವುದು. ಅವಳ ಅಂಗೈಯನ್ನು ಮೆತ್ತಗೆ ಹಿಚುಕಿ ಅಳತೆ ನೋಡಿದ. ಬಳೆಗೆ ಬಳೆ ತಾಗಿಸಿ ಸದ್ದು ಕೇಳಿದ. ಒಂದೊಂದಾಗಿ ಏರಿಸತೊಡಗಿದ. ಐದನೆಯ ಬಳೆ ಗೆಣ್ಣಿನ ಮೇಲೆ ಬಂದಾಗ ಚಟ್ಟೆಂದು ಮುರಿಯಿತು. ಅವನು ಮುಖ ಸಿಂಡರಿಸಲಿಲ್ಲ. ಚೂರುಗಳನ್ನು ಬದಿಗೆ ಸರಿಸಿ, ಬೇರೆ ಬಳೆ ತೆಗೆದು, ಅದರ ಸದ್ದು ಕೇಳಿ, ಮತ್ತೆ ಏರಿಸಿದ. ಹನ್ನೆರಡೂ ಇಳಿದವು. ಅವಳು ಕೈಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ಆಮೇಲೆ ಒಂದು ಮಾತು ಕೇಳಿದಳು, ಬೇಕೆಂತಲೋ ಸುಮ್ಮನೆಯೋ, ಅದು ಅವಳಿಗೇ ಗೊತ್ತು.

“ಕಾಕಾ, ಇವು ಎಷ್ಟ ದಿನ ಬಾಳತಾವ?”

“ಗಾಜಿನ ಮಾತ ಯಾರ ಹೇಳಬೇಕವ್ವಾ? ಒಡಕ ಇಲ್ಲದ್ದ ನೋಡಿ ತೊಡಸೂದು ನನ್ನ ಕೆಲಸ. ಇದ್ದಷ್ಟ ದಿನ ನಿನ್ನ ಕೈಯಾಗ ಸದ್ದ ಮಾಡ್ತಾವ.”

ಇಷ್ಟು ವರ್ಷದಲ್ಲಿ ಈ ಪ್ರಶ್ನೆ ಅವನನ್ನು ಒಬ್ಬ ಹೆಣ್ಣೂ ಕೇಳಿರಲಿಲ್ಲ. ಬಣ್ಣ ಒಪ್ಪುತ್ತದೆಯೇ ಎಂದು ಕೇಳಿದ್ದರು. ಬಿಗಿಯೋ ಸಡಿಲೋ ಎಂದು ಕೇಳಿದ್ದರು. ನಾಗರಪಂಚಮಿಗೆ ತೊಡಲೋ, ಮದುವೆಗೇ ತೊಡಲೋ ಎಂದು ಕೇಳಿದ್ದರು. ಎಷ್ಟು ದಿನ ಬಾಳುತ್ತದೆ ಎಂದು ಮಾತ್ರ ಕೇಳಿರಲಿಲ್ಲ. ಇಂದು ಒಬ್ಬಳು ಕೇಳಿದಳು. ಅವನ ಬಾಯಿಂದ ಉತ್ತರ ತಾನಾಗಿಯೇ ಬಂತು. ಬಂದ ಮೇಲೆ ಅವನಿಗೇ ಅದು ಕೇಳಿಸಿತು.

ಬಳೆಗಾರ ಪೆಟ್ಟಿಗೆ ಮುಚ್ಚಲಿಲ್ಲ, ಎದ್ದೇಳಲೂ ಇಲ್ಲ. ಸ್ವಲ್ಪ ಹೊತ್ತು ಚೂರುಗಳನ್ನು ನೋಡುತ್ತ ಕೂತ. ಆಮೇಲೆ ನಗತೊಡಗಿದ. ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. ಜೀವಮಾನವೆಲ್ಲ ಗಾಜು ಮಾರಿದ ನಾನು ಕಬ್ಬಿಣಕ್ಕೆ ಗ್ಯಾರಂಟಿ ಕೇಳಿದೆನಲ್ಲ ಎಂದು ಅಂಗೈಯಿಂದ ಹಣೆ ಬಡಿದುಕೊಂಡ.

ಕಳಕಪ್ಪ, ಇಲ್ಲಿಗೆ ಅವನು ಕಣ್ಣುಮುಚ್ಚಿ ಕಾರು ಕೊಂಡ ಎಂದುಕೊಳ್ಳಬೇಡ. ಹಾಗೆ ಕೊಂಡಿದ್ದರೆ ಅವನು ದಡ್ಡ, ಅವನ ಕತೆ ನಿನಗೆ ನಾನು ಹೇಳುತ್ತಿರಲಿಲ್ಲ. ಬಿರುಕು ನೋಡದೆ ಬಳೆ ತೊಡಿಸುವುದುಂಟೇ?

ಅವನು ಗಾಡಿಯವನನ್ನು ಕರೆದು, ನಿನ್ನ ಕಾಗದ ನನಗೆ ಬೇಡ, ನನ್ನ ಕಸುಬಿನ ಕಟ್ಟಳೆಗೆ ಒಪ್ಪುತ್ತೀಯಾ ಎಂದು ಕೇಳಿದ. ಗುಡ್ಡ ಹತ್ತಿ ಇಳಿದು ಬರೋಣ. ಗುಡ್ಡವೇ ಗೆಣ್ಣು. ಅದನ್ನು ದಾಟುವ ಮೊದಲು ಏನು ಒಡೆದರೂ ನಿನ್ನದು, ನಾನು ಕೊಳ್ಳುವುದಿಲ್ಲ. ದಾಟಿದ ಮೇಲೆ ನಾಳೆಯೇ ಒಡೆದರೂ ನನ್ನದು, ನಿನ್ನ ಬಾಗಿಲಿಗೆ ಬರುವುದಿಲ್ಲ. ಗಾಡಿಯವನಿಗೆ ಇದು ಹಿಡಿಸಿತು. ಈಗ ಮಾತಾಡಿದೆ ನೋಡು ಎಂದ.

ಹೈಬ್ರಿಡ್ ರಿಪೇರಿ ಬಲ್ಲ ಮೆಕ್ಯಾನಿಕ್ ಒಬ್ಬನನ್ನು ಹಿಂದೆ ಕೂರಿಸಿಕೊಂಡರು. ಅವನ ಕೈಯಲ್ಲಿ ಒಂದು ಸಣ್ಣ ಯಂತ್ರವಿತ್ತು. ಆ ದೊಡ್ಡ ಬ್ಯಾಟರಿ ಎಂದರೆ ಒಂದಲ್ಲ, ಒಳಗೆ ಇಪ್ಪತ್ತೆಂಟು ತುಂಡುಗಳಿವೆ, ಒಂದೊಂದರ ಶಕ್ತಿಯನ್ನೂ ಈ ಯಂತ್ರ ಅಂಕಿಯಲ್ಲಿ ಹೇಳುತ್ತದೆ ಎಂದು ಅವನು ತಿಳಿಸಿದ. ಬಳೆಗಾರನ ಕಿವಿ ನೆಟ್ಟಗಾಯಿತು. ಹಾಗಾದರೆ ಇದಕ್ಕೂ ಬಾಯಿ ಇದೆ ಎಂದು ಅವನಿಗೆ ಸಮಾಧಾನವಾಯಿತು.

ಕಾರು ಗುಡ್ಡ ಹತ್ತಿತು. ಅರ್ಧ ದಾರಿಯ ತನಕ ಸದ್ದಿಲ್ಲದೆ ಹತ್ತಿತು. ಎದುರಿನ ಪರದೆಯಲ್ಲಿ ಬ್ಯಾಟರಿಯ ಗುರುತು ಇಳಿಯುತ್ತ ಬಂದು ಎರಡು ಗೆರೆಗೆ ನಿಂತಿತು. ಆಗ ಎಂಜಿನ್ ದನಿ ಎತ್ತಿತು. ಬಳೆಗಾರ ಕಣ್ಣು ಮುಚ್ಚಿ ಕೇಳಿದ. ತಲೆಯ ಮೇಲೆ ಹೊರೆ ಇಟ್ಟುಕೊಂಡವನ ಏದುಸಿರು ಅದು, ಆದರೆ ಎಲ್ಲೂ ತಡವರಿಸಲಿಲ್ಲ. ತುದಿ ಮುಟ್ಟಿತು. ಆಚೆ ಇಳಿಯುವಾಗ, ಬ್ರೇಕು ಒತ್ತಿದಂತೆಲ್ಲ, ಇಳಿದಿದ್ದ ಬ್ಯಾಟರಿ ತಾನೇ ತುಂಬಿಕೊಂಡಿತು. ಇದನ್ನು ಕಂಡು ಬಳೆಗಾರನಿಗೆ ಮಕ್ಕಳ ಹಾಗೆ ಸಂತೋಷವಾಯಿತು.

ಬುಡದಲ್ಲಿ ಕಾರು ನಿಲ್ಲಿಸಿ, ಮೆಕ್ಯಾನಿಕ್ ಇಪ್ಪತ್ತೆಂಟು ಅಂಕಿಗಳನ್ನೂ ಒಂದೊಂದಾಗಿ ಓದಿದ. ಬಳೆಗಾರ ಬಳೆಯ ಸದ್ದು ಕೇಳುವ ಹಾಗೆ ತಲೆ ವಾಲಿಸಿ ಕೇಳಿದ. ಎಲ್ಲವೂ ಹೆಚ್ಚುಕಡಿಮೆ ಒಂದೇ ದನಿಯಾಗಿದ್ದವು. ಎರಡು ಮಾತ್ರ ಸ್ವಲ್ಪ ಕೆಳಗಿದ್ದವು. ಬಿರುಕೋ ಎಂದು ಬಳೆಗಾರ ಕೇಳಿದ. ಬಿರುಕಲ್ಲ, ವಯಸ್ಸು ಎಂದ ಮೆಕ್ಯಾನಿಕ್. ಎಷ್ಟು ದಿನ ಎಂದು ಬಳೆಗಾರ ಕೇಳಲಿಲ್ಲ. ಆ ಎರಡು ಹೋದರೆ ಆ ಎರಡನ್ನೇ ಬದಲಿಸಲಾದೀತೇ ಎಂದು ಕೇಳಿದ. ಕೆಲವು ಸಲ ಆದೀತು, ಕೆಲವು ಸಲ ಎಲ್ಲವನ್ನೂ ಬದಲಿಸಬೇಕಾದೀತು ಎಂದು ಉತ್ತರ ಬಂತು. ಹೊಸ ಬ್ಯಾಟರಿ ಕೊಳ್ಳುವ ಶಕ್ತಿ ಇಲ್ಲದಿದ್ದರೆ ಅಂದು ಕಾರು ಮಾರಿ ಮತ್ತೆ ಬಸ್ಸು ಹತ್ತುತ್ತೇನೆ, ಬಸ್ಸೇನು ನನಗೆ ಹೊಸದೇ ಎಂದು ಬಳೆಗಾರ ತನಗೆ ತಾನೇ ಹೇಳಿಕೊಂಡ. ಅಲ್ಲಿಗೆ ಅವನ ಹೆದರಿಕೆ ಮುಗಿಯಿತು. ಸಂಜೆಯ ಹೊತ್ತಿಗೆ ಕಾರು ಅವನದಾಗಿತ್ತು.

ಐದನೆಯ ದಿನ ಬೆಳಿಗ್ಗೆ ಪೆಟ್ಟಿಗೆಗಳನ್ನು ಹಿಂದಿನ ಸೀಟಿನಲ್ಲಿ, ಹಳೆಯ ಕೌದಿಯ ಮೇಲೆ ಇಟ್ಟುಕೊಂಡು ಹೊರಟ. ಮೆತ್ತಗೆ ಗುಡ್ಡ ದಾಟಿದ. ಅಷ್ಟು ದೂರ ಹೋದರೂ ಒಂದು ಬಳೆಗೂ ಏಟಾಗಿರಲಿಲ್ಲ. ಕಾರು ಅಂಗಳಕ್ಕೆ ಸದ್ದಿಲ್ಲದೆ ಬಂದು ನಿಂತದ್ದರಿಂದ ಮನೆಯವರಿಗೆ ಗೊತ್ತೇ ಆಗಲಿಲ್ಲ. ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕೂತ ಮೊಮ್ಮಗಳು ತಲೆ ಎತ್ತಿದಾಗ ಬಳೆಗಾರ ಬಾಗಿಲಲ್ಲಿದ್ದ.

ಅವಳ ಎರಡೂ ಕೈಗೆ ಹಸಿರು ಬಳೆ ತೊಡಿಸಿದ. ಒಂದೂ ಒಡೆಯಲಿಲ್ಲ. ತಾಯಿಗೆ ತೊಡಿಸಿದ. ಕಡೆಗೆ ಅಜ್ಜಿ ಗೋಡೆ ಹಿಡಿದುಕೊಂಡು ಬಂದು ಎದುರಿಗೆ ಕೂತು, ಸುಕ್ಕುಗಟ್ಟಿದ ಕೈ ಚಾಚಿ, ನನಗೂ ಹಾಕು ಎಂದಳು. ಗೆಣ್ಣು ದಪ್ಪವಾಗಿ, ಕೈ ಸಣ್ಣಗಾಗಿತ್ತು. ಅವನು ಎಣ್ಣೆ ಸವರಿ, ಅವಸರ ಮಾಡದೆ, ನಾಲ್ಕು ಬಳೆ ಏರಿಸಿದ. ಬಸ್ಸು ಹಿಡಿಯುವ ಧಾವಂತವಿರಲಿಲ್ಲ. ಹೋಳಿಗೆ ಉಂಡ, ಎಲೆಯಡಿಕೆ ಹಾಕಿಕೊಂಡ, ಅಜ್ಜಿಯ ಜೊತೆ ಹಳೆಯದೆಲ್ಲ ಮಾತಾಡಿದ. ಬಿಸಿಲು ಇಳಿದ ಮೇಲೆ ಎದ್ದು ಹೊರಟ. ಅಂಥ ತೃಪ್ತಿಯ ದಿನ ಅವನಿಗೆ ಬಹಳ ವರ್ಷದಿಂದ ಸಿಕ್ಕಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಬುಟ್ಟಿ ಅರ್ಧ ತುಂಬಿತ್ತು.

ಕಳಕಪ್ಪನಿಗೆ ಕತೆ ಬಹಳ ಹಿಡಿಸಿತು. ಗುಡ್ಡ ಹತ್ತಿ ಇಳಿಯುವ ಪರೀಕ್ಷೆಯನ್ನು ತಾನೂ ಮಾಡಬೇಕು ಎಂದುಕೊಂಡ. ಇಪ್ಪತ್ತೆಂಟು ತುಂಡುಗಳ ಮಾತನ್ನು ಹಾಳೆಯ ಮೂಲೆಯಲ್ಲಿ ಬರೆದುಕೊಂಡ. ಹಂಪವ್ವ ಮಗ್ಗದ ಪಕ್ಕದಲ್ಲಿ ಕೂತು ನಗುವುದು ಅವನ ಕಣ್ಣಿಗೆ ಕಟ್ಟಿತು, ಅವನ ಮುಖವೂ ಅರಳಿತು. ಗುರುಗಳು ಇಷ್ಟು ತಾಳ್ಮೆಯಿಂದ ಹೇಳಿದರಲ್ಲ ಎಂದು ಅವರ ಮೇಲೆ ಅಕ್ಕರೆ ಉಕ್ಕಿತು. ಆದರೂ ಒಂದು ಮುಳ್ಳು ಉಳಿದೇ ಇತ್ತು. ಪೆನ್ನಿನ ಮುಚ್ಚಳ ಹಾಕದೆ ಅವನು ಕೇಳಿಯೇಬಿಟ್ಟ.

“ಅದೆಲ್ಲ ಸರಿ, ಗುರುಗಳೇ. ಕೊನೆಗೆ ಆ ಬ್ಯಾಟರಿ ಎಷ್ಟು ದಿನ ಬಂತು?”

ಗುರುಗಳು ಕೈಯಲ್ಲಿದ್ದ ಹಣ್ಣನ್ನು ಕೆಳಗಿಟ್ಟು, ಅವನ ಮುಖವನ್ನೇ ನೋಡಿದರು. ದನಿಯಲ್ಲಿ ಸಿಟ್ಟಿರಲಿಲ್ಲ.

“ಆ ಬ್ಯಾಟರಿಯ ಆಯಸ್ಸು ನನಗೆ ಗೊತ್ತಿಲ್ಲ, ಕಳಕಪ್ಪ, ನೀನು ಅದನ್ನು ಕೇಳುತ್ತ ಕೂತ ಎಂಟು ತಿಂಗಳು ಹಂಪವ್ವನ ಆಯಸ್ಸಿನಲ್ಲಿ ಹೋದವು.”

ಕಳಕಪ್ಪ ಪೆನ್ನಿನ ಮುಚ್ಚಳ ಹಾಕಿ, ಹಾಳೆ ಮಡಚಿ ಜೇಬಿಗಿಟ್ಟುಕೊಂಡು ಎದ್ದ.